ಸ್ಕೂಟರಿನ ಮೇಲಿನ ಹೊಟ್ಟೆಕಿಚ್ಚು

ಖ್ವೇ,

ಇವತ್ತು ನಿನಗೆ ರಜೆಯಲ್ಲವೇ, ಅದಕ್ಕೇ ಎಬ್ಬಿಸಲಿಲ್ಲ. ಮೀನು ಮಣ್ಣಿನ ಮಡಕೆಯಲ್ಲಿದೆ, ಬಿಸಿ ಮಾಡಿಕೋ. ನಿನ್ನ ಹೊಸ ಸ್ಕೂಟರಿಗೆ ಗಾಳಿ ತುಂಬಿಸಿದ್ದೇನೆ.

ನಿನ್ನೆ ಬೆಳಿಗ್ಗೆ ಸೇತುವೆಯ ಸಿಗ್ನಲ್ಲಿನಲ್ಲಿ ನಿನ್ನ ಹಿಂದೆಯೇ ನಿಂತಿದ್ದೆ. ನೀನು ಮಾಸ್ಕಿನೊಳಗೇ ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷ ನನ್ನ ಬೈಕಿನ ಹಿಂದೆ ಕೂತು ಕೆಲಸಕ್ಕೆ ಹೋದವಳು ಒಂದು ದಿನವೂ ಹಾಡಿರಲಿಲ್ಲ! ಯಾರಿಗಾಗಿ ಈ ಹಾಡು ಎಂದು ಹೊಟ್ಟೆ ಉರಿದು ನೀನು ಕೆಲಸ ಮಾಡುವ ಆಸ್ಪತ್ರೆಯವರೆಗೂ ಹಿಂಬಾಲಿಸಿದೆ. ಅಲ್ಲಿ ನಿನಗಾಗಿ ಯಾರೂ ಕಾದಿರಲಿಲ್ಲ. ನೀನು ಒಳಗೆ ಹೋದ ಮೇಲೆ ಗೇಟು ಕಾಯುವ ಮುದುಕನನ್ನು ನಿನ್ನ ಬಗ್ಗೆ ಕೇಳಿದೆ. ಅವನು ನಕ್ಕ: “ನಿಮ್ಮ ಮನೆಯೋರಾ? ದಿನಾ ಹಿಂಗೇ ಹಾಡ್ಕೊಂಡು ಬರ್ತಾರಪ್ಪ. ಸ್ಕೂಟರ್ ತಗೊಂಡಾಗಿಂದ ಏನ್ ಗೆಲುವು ಅಂತೀರಿ!”

ಅನುಮಾನ ಹೋಯಿತು, ಹೊಟ್ಟೆಕಿಚ್ಚು ಹೋಗಲಿಲ್ಲ. ಸ್ಕೂಟರಿನ ಮೇಲೆ ಹೊಟ್ಟೆಕಿಚ್ಚುಪಡುವ ಗಂಡ ಈ ಹುಯೇ ಪಟ್ಟಣದಲ್ಲಿ ನಾನೊಬ್ಬನೇ ಇರಬೇಕು.

ಸಂಜೆ ಐದಕ್ಕೆ ಕಾರ್ಖಾನೆಯ ಗೇಟಿಗೆ ಬಂದು ನನ್ನನ್ನು ಕರೆದುಕೊಂಡು ಹೋಗು. ನಾನು ಹಿಂದೆ ಕೂರುತ್ತೇನೆ. ನನ್ನ ಬೈಕನ್ನು ನಿನ್ನೆ ಸಂಜೆಯೇ ಗ್ಯಾರೇಜಿಗೆ ಬಿಟ್ಟುಬಂದೆ. ಅದಕ್ಕೇನೂ ಆಗಿಲ್ಲ ಎಂದು ಮೆಕ್ಯಾನಿಕ್ ಹೇಳಿದ. ಇರಲಿ, ಎರಡು ದಿನ ಗ್ಯಾರೇಜಿನಲ್ಲೇ ಇಟ್ಟುಕೋ ಎಂದು ಅವನಿಗೆ ಹೇಳಿದೆ.

ತ್ವಾನ್