ಬಲೆ ಕಾರ್ಖಾನೆಯನ್ನು ವಾಪಸು ತರಬೇಡಿ

ಕಂಪನಿಗಳನ್ನು ಊರಿಂದೂರಿಗೆ ಕರೆಸುವ ಕಚೇರಿಯ ಮುಖ್ಯ ಅಧಿಕಾರಿಗಳಾದ ಮಾನ್ಯರೇ,

ಮೀನಿನ ಬಲೆ ಮಾಡುವ ನಮ್ಮ ಕಾರ್ಖಾನೆಯನ್ನು ನಾಲ್ಕು ವರ್ಷದ ಹಿಂದೆ ನೀವು ಸಮುದ್ರವೇ ಇಲ್ಲದ ಊರಿಗೆ ಕಳುಹಿಸಿದಿರಿ. ಈಗ ಅದೇ ಕಾರ್ಖಾನೆಯನ್ನು ಮಂಗಳೂರಿಗೆ ಮರಳಿ ಕರೆಸಲು ಹೊಸ ಪ್ರೋತ್ಸಾಹ ಯೋಜನೆ ತಯಾರಿಸಿ, ಸಾರ್ವಜನಿಕರ ಆಕ್ಷೇಪಣೆ ಇದ್ದರೆ ತಿಳಿಸಬಹುದು ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದೀರಿ. ನನ್ನದೊಂದು ಆಕ್ಷೇಪಣೆ ಇದೆ. ಟಪಾಲಿಗೆ ಹಾಕಿದರೆ ಯಾವ ಕಡತದ ಅಡಿಯಲ್ಲಿ ನಿದ್ದೆ ಹೋಗುತ್ತದೋ ಗೊತ್ತಿಲ್ಲ. ಆದ್ದರಿಂದ ನಾಲ್ಕು ಜನ ಓದುವ ಹಾಗೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ಬೆಂಗ್ರೆಯ ಮೊಗವೀರ ಹೆಂಗಸು. ನಮ್ಮಲ್ಲಿ ಬೀದಿದೀಪ ಕೆಟ್ಟರೆ, ಫೆರಿ ಬೋಟು ಹೊತ್ತಿಗೆ ಸರಿಯಾಗಿ ಬಾರದಿದ್ದರೆ, ಅರ್ಜಿ ಬರೆಯುವವಳು ನಾನೇ. ಹಾಗಾಗಿ ನಿಮ್ಮಂಥವರ ಭಾಷೆ ಸ್ವಲ್ಪ ರೂಢಿಯಾಗಿದೆ. ಕಾರ್ಖಾನೆಯಲ್ಲಿ ನನ್ನದು ಬಲೆ ಪರೀಕ್ಷಿಸುವ ಕೆಲಸವಾಗಿತ್ತು. ಯಂತ್ರ ನೇಯ್ದ ಬಲೆಯನ್ನು ಇಬ್ಬರು ಎದುರುಬದುರು ನಿಂತು ಎಳೆದು ಹಿಡಿಯಬೇಕು, ಗಂಟು ತಪ್ಪಿದ ಕಡೆ ಸೂಜಿ ಹಾಕಿ ಸರಿಮಾಡಬೇಕು. ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಅದಕ್ಕಾಗಿ ಎಲ್ಲರಿಗೂ ಒಂದು ಜೋಡಿ ಇರುತ್ತಿತ್ತು. ನನ್ನ ಜೋಡಿ ಕೂಳೂರಿನ ಆನ್ಸಿ.

ಆನ್ಸಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರ ಪೈಕಿ, ನಾನು ತುಳು ಮಾತಾಡುವವಳು. ಹತ್ತೊಂಬತ್ತು ವರ್ಷ ಒಂದೇ ಬಲೆಯ ಎರಡು ಬದಿ ಹಿಡಿದು ನಿಂತವರಿಗೆ ಭಾಷೆ ಅಡ್ಡ ಬರುವುದಿಲ್ಲ. ಕೈ ಕೆಲಸದಲ್ಲಿರುತ್ತಿತ್ತು, ಬಾಯಿ ಬಿಡುವಾಗಿರುತ್ತಿತ್ತು. ಅವಳ ಗಂಡ ಲಯನೆಲ್ ಗಲ್ಫಿನಿಂದ ಬೆನ್ನುನೋವು ಹೊತ್ತು ತಂದದ್ದು, ನಮಗೆ ಮಕ್ಕಳಾಗದೇ ಹೋದದ್ದು, ಎಲ್ಲವನ್ನೂ ನಾವು ಆ ಬಲೆಯ ಮೇಲೇ ಮಾತಾಡಿ ಮುಗಿಸಿದ್ದೇವೆ. ಸೂಪರ್‌ವೈಸರ್ ಬಂದರೆ ಮಾತ್ರ ಗಂಭೀರವಾಗಿ ನೂಲಿನ ಗುಣಮಟ್ಟದ ವಿಷಯ ತೆಗೆಯುತ್ತಿದ್ದೆವು. ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು ಅವಳಿಗೆ ಜಾಗ ಹಿಡಿಯುತ್ತಿದ್ದೆ. ಕಂಡಕ್ಟರ್ ದಿನಾ ಗೊಣಗುತ್ತಿದ್ದ, "ಬ್ಯಾಗಿಗೆ ಟಿಕೆಟ್ ಉಂಟಾ ಅಕ್ಕ?" ಎಂದು. ಕೂಳೂರಿನಲ್ಲಿ ಅವಳು ಹತ್ತಿದ ಮೇಲೆ ಸೇತುವೆ ದಾಟುವಷ್ಟರಲ್ಲಿ ಹಿಂದಿನ ದಿನದ ಸುದ್ದಿಯೆಲ್ಲ ಮುಗಿಯುತ್ತಿತ್ತು.

ಆಗ ನಿಮ್ಮ ಯೋಜನೆ ಬಂತು. ಹಿಂದುಳಿದ ತಾಲೂಕಿಗೆ ಹೋಗುವ ಕಂಪನಿಗೆ ಭೂಮಿ ಉಚಿತ, ಕರೆಂಟಿನಲ್ಲಿ ರಿಯಾಯಿತಿ, ತೆರಿಗೆ ವಾಪಸು. ನಮ್ಮ ಮಾಲೀಕರಿಗೆ ಘಟ್ಟದ ಮೇಲಿನ ಬಯಲುಸೀಮೆಯ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು. ಅಲ್ಲಿ ಬಲೆ ಬೀಸುವುದು ಎಲ್ಲಿಗೆ ಎಂದು ನಾವು ಕೇಳಿದೆವು. ಬಲೆ ಮಾಡಲಿಕ್ಕೆ ಸಮುದ್ರ ಬೇಕಾಗಿಲ್ಲ, ಲಾರಿ ಸಾಕು ಎಂಬ ಉತ್ತರ ಬಂತು. ಬರುವವರಿಗೆ ಅಲ್ಲಿ ಕೆಲಸವಿದೆ, ಬಾರದವರು ಬಿಡಬಹುದು ಎಂದೂ ಹೇಳಿದರು. ನನ್ನ ಗಂಡ ಯಾದವ ಮೀನಿನ ಬೋಟಿನಲ್ಲಿ ದುಡಿಯುವವರು. "ಸಮುದ್ರ ಇಲ್ಲದ ಊರಲ್ಲಿ ನಾನು ಎಂತ ಮಾಡ್ಲಿ? ಲಾರಿಯಲ್ಲಿ ಕೂತು ಬಲೆ ಬೀಸ್ಲಾ?" ಎಂದರು. ಆನ್ಸಿಯ ಮನೆ ನಡೆಯುತ್ತಿದ್ದುದೇ ಅವಳ ದುಡಿಮೆಯಲ್ಲಿ. ಅವಳು ಹೋದಳು, ನಾನು ಉಳಿದೆ.

ಹೊಸ ಕಾರ್ಖಾನೆಯ ಉದ್ಘಾಟನೆಗೆ ನೀವೂ ಹೋಗಿದ್ದಿರಿ. ಪತ್ರಿಕೆಯಲ್ಲಿ ಚಿತ್ರ ಬಂದಿತ್ತು. ನಿಮ್ಮ ಕೈಯಿಂದ ಗುಲಾಬಿ ತೆಗೆದುಕೊಳ್ಳುತ್ತಿದ್ದವಳು ನಮ್ಮ ಆನ್ಸಿ. ಕೆಳಗೆ "ಹೊಸದಾಗಿ ಉದ್ಯೋಗ ಪಡೆದ ಮಹಿಳೆಯರು" ಎಂದು ಬರೆದಿತ್ತು. ಸ್ವಾಮಿ, ಆ ಹೆಂಗಸು ಅರ್ಧ ಕಾರ್ಖಾನೆಗೆ ಕೆಲಸ ಕಲಿಸಿದವಳು. ಹೊಸ ಉದ್ಯೋಗ ತೋರಿಸಿದರೆ ಮಾತ್ರ ನಿಮ್ಮ ರಿಯಾಯಿತಿ ಎಂಬ ಷರತ್ತು ಇತ್ತಂತೆ. ಅದಕ್ಕಾಗಿ ಇಲ್ಲಿಂದ ಹೋದವರಿಂದ ರಾಜೀನಾಮೆ ಬರೆಸಿಕೊಂಡು, ಅಲ್ಲಿ ಮತ್ತೆ ಸೇರಿಸಿಕೊಂಡು, ಎದೆಗೆ "ಟ್ರೈನಿ" ಎಂಬ ಬ್ಯಾಡ್ಜ್ ಸಿಕ್ಕಿಸಿದ್ದರು. ಇಲ್ಲಿಂದ ಬಸ್ಸು ಹತ್ತಿ ಹೋದ ಹಳೆಯ ಕೆಲಸಗಳು ಅಲ್ಲಿ ಇಳಿಯುವಾಗ ಹೊಸ ಕೆಲಸಗಳಾದವು. ನಿಮ್ಮ ಭಾಷಣದಲ್ಲಿ ಅವು "ಸೃಷ್ಟಿ"ಯಾದವು. ನಿಜಕ್ಕೂ ಹೊಸದಾಗಿ ಹುಟ್ಟಿದ್ದು ಇಲ್ಲಿ ನಮ್ಮ ನಿರುದ್ಯೋಗ ಮಾತ್ರ. ಅದರ ಉದ್ಘಾಟನೆಗೆ ಯಾರೂ ಬರಲಿಲ್ಲ.

ನೀವು ಕೇಳಬಹುದು, ಬಯಲುಸೀಮೆಯವರಿಗೆ ಕೆಲಸ ಬೇಡವೇ, ಎಲ್ಲವೂ ನಿಮ್ಮ ಕರಾವಳಿಗೇ ಬೇಕೇ ಎಂದು. ಬೇಕು, ಖಂಡಿತ ಬೇಕು. ಆದರೆ ಕೆಲಸ ಕೊಡುವುದೆಂದರೆ ಒಬ್ಬರ ತಟ್ಟೆಯಿಂದ ಎತ್ತಿ ಇನ್ನೊಬ್ಬರ ತಟ್ಟೆಗೆ ಹಾಕುವುದೇ? ಆ ತಾಲೂಕಿಗೆ ಒಳ್ಳೆಯ ರಸ್ತೆ ಮಾಡಿ, ನೀರು ಕೊಡಿ, ಹೆಣ್ಣುಮಕ್ಕಳು ಕಲಿಯಲು ಶಾಲೆ ಕಟ್ಟಿ. ಯಾವ ಕಂಪನಿ ಹೋದರೂ ಅವು ಅಲ್ಲೇ ಇರುತ್ತವೆ. ನನ್ನ ಅತ್ತೆ ಬಂದರಿನಲ್ಲಿ ಮೀನು ಮಾರಿದವರು. ಎರಡು ರೂಪಾಯಿ ಕಡಿಮೆ ಎಂದು ತನ್ನ ಬುಟ್ಟಿಗೆ ಬಂದ ಗಿರಾಕಿ ನಾಳೆ ಮೂರು ರೂಪಾಯಿ ಕಡಿಮೆ ಎಂದು ಪಕ್ಕದ ಬುಟ್ಟಿಗೆ ಹೋಗುತ್ತಾನೆ ಎಂದು ಅವರಿಗೆ ಗೊತ್ತಿತ್ತು. ನಿಮ್ಮ ಕಚೇರಿಗೆ ಗೊತ್ತಿಲ್ಲವೆಂದರೆ ನಂಬುವುದು ಹೇಗೆ? ಅಲ್ಲಿನ ರಿಯಾಯಿತಿಯ ಅವಧಿ ಮುಗಿಯುತ್ತ ಬಂದಿದೆ. ಈಗ ನೋಡಿ, ಮಾಲೀಕರಿಗೆ ಮತ್ತೆ ಸಮುದ್ರದ ನೆನಪಾಗಿದೆ. ಕಳುಹಿಸಲಿಕ್ಕೂ ನಮ್ಮದೇ ತೆರಿಗೆ, ಕರೆಸಲಿಕ್ಕೂ ನಮ್ಮದೇ ತೆರಿಗೆ.

ಕಾರ್ಖಾನೆಯ ಗೇಟಿನ ಎದುರು ಶುಕೂರ್ ಎಂಬವರ ಚಹಾದ ಅಂಗಡಿ ಇದೆ. ಗಿರಾಕಿಗಳು ಹೋದರೂ ಅಂಗಡಿ ಮುಚ್ಚದೆ ಕೂತಿದ್ದಾರೆ. ಮೊನ್ನೆ ಅವರು ಹೇಳಿದರು, "ಹರಿಣಾಕ್ಷಕ್ಕಾ, ನಾನು ಸಹ ಅಂಗಡಿ ತೆಗ್ದು ಹೋಗ್ತೇನೆ ಅಂತ ಒಂದು ಅರ್ಜಿ ಹಾಕಿದ್ರೆ ಹೇಗೆ? ನಂಗೂ ಎಂತಾದ್ರೂ ಸಿಗ್ಬಹುದಲ್ಲ." ನಾವಿಬ್ಬರೂ ನಕ್ಕೆವು. ಹೋಗುತ್ತೇನೆ ಎಂದು ಹೆದರಿಸುವವರಿಗೆ ಪ್ರೋತ್ಸಾಹವಿದೆ. ಸುಮ್ಮನೆ ಇದ್ದಲ್ಲೇ ಇರುವವರಿಗೆ ಏನಿದೆ ಮಾನ್ಯರೇ?

ಈಗ ನಾನು ಬೆಂಗ್ರೆಯಲ್ಲೇ ಬೋಟಿನವರ ಹರಿದ ಬಲೆ ಸರಿಮಾಡುತ್ತೇನೆ. ಇನ್ನೊಂದು ಬದಿಯನ್ನು ಕಂಬಕ್ಕೆ ಕಟ್ಟಿಕೊಳ್ಳುತ್ತೇನೆ. ಕಂಬ ಗಟ್ಟಿಯಾಗಿಯೇ ಹಿಡಿಯುತ್ತದೆ, ದೂರುವ ಹಾಗಿಲ್ಲ. ಆದರೆ ನಾನು ಏನಾದರೂ ಹೇಳಿದರೆ "ಹೌದಾ ಮಾರಾಯ್ತಿ, ಆಮೇಲೆ?" ಎಂದು ಕೇಳುವುದಿಲ್ಲ. ಯಾದವ ಬೋಟಿನಲ್ಲಿ ಹೋದರೆ ವಾರ ಕಳೆದು ಬರುತ್ತಾರೆ. ಬಂದರೂ ಗಂಡಸರ ಹತ್ತಿರ ಮಾತಾಡುವುದು ಬೇರೆ. ಪಂಪ್‌ವೆಲ್‌ಗೆ ಹೋಗುವ ಬಸ್ಸಿನಲ್ಲಿ ಈಗಲೂ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಡುತ್ತೇನೆ. ಯಾರಾದರೂ ಕೇಳಿದಾಗ ನಾಚಿಕೆಯಾಗಿ ತೆಗೆಯುತ್ತೇನೆ. ಕೆಲಸ ಹೋದದ್ದಕ್ಕಿಂತ ನನಗೆ ಇದೇ ಹೆಚ್ಚು ನೋವು. ನಿಮ್ಮ ಯೋಜನೆಯ ಲಾಭನಷ್ಟದಲ್ಲಿ ಇದಕ್ಕೊಂದು ಅಂಕಣ ಇರಲಿಕ್ಕಿಲ್ಲ.

ಹೀಗಿರುವಾಗ ನಿಮ್ಮ ಹೊಸ ಪ್ರಕಟಣೆ ಬಂತು. ಅದನ್ನು ಓದಿ ನಾನು ಕುಣಿಯುವುದೊಂದು ಬಾಕಿ. ಆಕ್ಷೇಪಣೆ ಹಾಗಿರಲಿ, ಬೇಗ ತನ್ನಿ, ಬೇಕಿದ್ದರೆ ಇನ್ನಷ್ಟು ಕೊಟ್ಟು ತನ್ನಿ ಎಂದು ನಿಮಗೆ ಮನವಿ ಬರೆದು ಬೆಂಗ್ರೆಯ ಮನೆಮನೆಯಲ್ಲಿ ಸಹಿ ಹಾಕಿಸಲು ಹೊರಟಿದ್ದೆ. ಸಂಜೆ ಆನ್ಸಿಗೆ ಫೋನ್ ಮಾಡಿದೆ. ಅವಳ ತುಳುವನ್ನು ನಿಮಗೋಸ್ಕರ ಕನ್ನಡ ಮಾಡಿ ಬರೆಯುತ್ತೇನೆ.

"ಬರ್ತೇನೆ ಮಾರಾಯ್ತಿ, ನಡ್ಕೊಂಡು ಬೇಕಾದ್ರೂ ಬರ್ತೇನೆ. ಇಲ್ಲಿ ಐಸಿನ ಮೀನು ತಿಂದು ತಿಂದು ಬಾಯಿ ಕೆಟ್ಟು ಹೋಗಿದೆ," ಎಂದಳು. ಮತ್ತೆ, "ಅಮ್ಮಣಿ ಇಲ್ಲೇ ಇದ್ದಾಳೆ, ನಿನ್ನ ಹತ್ರ ಮಾತಾಡ್ಬೇಕಂತೆ" ಎಂದು ಫೋನ್ ಕೊಟ್ಟಳು.

ಅಮ್ಮಣಿ ಆ ಊರಿನವಳು. ಆನ್ಸಿಯ ಈಗಿನ ಜೋಡಿ. ಸುಳ್ಳು ಹೇಳುವುದಿಲ್ಲ, ಅವಳ ಹೆಸರು ಕೇಳಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ನಿಲ್ಲಬೇಕಾದ ಜಾಗದಲ್ಲಿ ನಿಂತವಳು ಎಂಬ ಸಿಟ್ಟು. ಅವಳು ಬಹಳ ಮೆಲ್ಲಗೆ ಮಾತಾಡಿದಳು.

"ಅಕ್ಕಾ, ಕಂಪ್ನಿ ನಿಮ್ಮೂರಿಗೆ ಹೊಂಟೋಗುತ್ತಂತೆ, ನಿಜವಾ? ಬರೋರು ಬನ್ನಿ ಅಂತಾರಂತೆ. ನಮ್ಮ ಯಜಮಾನ್ರು ಕುರಿ ಕಾಯೋರು. ಕುರಿ ಹೊಡ್ಕೊಂಡು ಸಮುದ್ರಕ್ಕೆ ಬರೋಕಾಗುತ್ತಾ ಅಕ್ಕಾ?"

ಅವಳು ಮುಂದುವರಿಸಿದಳು. "ಕಂಪ್ನಿ ಬರೋವರೆಗೂ ಬಿಸಿಲಲ್ಲೇ ಕೂಲಿ ಮಾಡಿದ್ದು. ಫ್ಯಾನ್ ಕೆಳಗೆ ನಿಂತು ಕೆಲಸ ಮಾಡಿದ್ದು ಇದೇ ಮೊದಲು. ಆನ್ಸಕ್ಕನಂಥೋರು ಸಿಕ್ಕಿದ್ದೂ ಇದೇ ಮೊದಲು. ನೀವು ಬರೆಯೋದು ಕಲ್ತೋರಂತೆ. ನಿಮ್ಮೂರಿನ ಆಫೀಸ್ನೋರಿಗೆ ಒಂದು ಮಾತು ಹೇಳ್ತೀರಾ?"

ಬರೆಯುವುದೊಂದೇ ನನಗೆ ಬರುವುದು ಎಂದು ಆನ್ಸಿ ಅವಳಿಗೆ ಹೇಳಿರಬೇಕು. ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಫೋನ್ ಇಟ್ಟ ಮೇಲೆ ಒಬ್ಬಳೇ ಕೂತು ಚೆನ್ನಾಗಿ ಅತ್ತೆ. ಅಮ್ಮಣಿಗಾಗಿ ಅಲ್ಲ ಮಾನ್ಯರೇ, ನನಗಾಗಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಮ್ಮ ಕಾರ್ಖಾನೆಗೆ ಮಂಗಳೂರಿಗೆ ಬರಲು ಒಂದು ಬಿಡಿಗಾಸನ್ನೂ ಕೊಡಬೇಡಿ. ಅಲ್ಲಿ ಉಚಿತ ಭೂಮಿ ತೆಗೆದುಕೊಂಡವರು ಅಲ್ಲೇ ನಿಂತು ಕೆಲಸ ಕೊಡಬೇಕು ಎಂದು ಹೇಳುವ ಧೈರ್ಯ ಮಾಡಿ. ಬಿಟ್ಟು ಹೋಗುವುದಾದರೆ ತೆಗೆದುಕೊಂಡದ್ದನ್ನು ಹಿಂದಿರುಗಿಸಿ ಹೋಗಲಿ. ಇನ್ನು ಮುಂದೆ ಯಾವ ಕಂಪನಿಗೂ ಒಂದೂರು ಬಿಟ್ಟು ಇನ್ನೊಂದೂರಿಗೆ ಹೋಗಲಿಕ್ಕೆಂದು ಆಸೆ ತೋರಿಸಬೇಡಿ. ನಮ್ಮೂರಿಗೆ ಕೆಲಸ ಬೇಕು, ಅದನ್ನು ಇಲ್ಲೇ ಹೊಸದಾಗಿ ಹುಟ್ಟಿಸುವ ದಾರಿ ಹುಡುಕಿ. ನಿಮಗೆ ಸಂಬಳ ಬರುವುದು ಅದಕ್ಕೇ.

ಈ ಪತ್ರವನ್ನು ಆನ್ಸಿಯೂ ಓದುತ್ತಾಳೆ. ನಾನು ಹೀಗೆ ಬರೆಯುತ್ತೇನೆಂದು ಅವಳಿಗೆ ಹೇಳಿಲ್ಲ, ಹೇಳುವ ಧೈರ್ಯ ಬರಲಿಲ್ಲ. ಓದಿ ಅವಳು ನನ್ನ ಹತ್ತಿರ ಮಾತು ಬಿಟ್ಟರೂ ಬಿಡಬಹುದು. ಅವಳು ವಾಪಸು ಬರಬೇಕೆಂದು ನನ್ನಷ್ಟು ಆಸೆಪಡುವವರು ಈ ಊರಿನಲ್ಲಿ ಬೇರೆ ಯಾರೂ ಇಲ್ಲ. ಆದರೂ ನನ್ನ ಹೆಸರನ್ನು ಬೇಡವೆಂದವರ ಸಾಲಿನಲ್ಲೇ ಬರೆದುಕೊಳ್ಳಿ.

ಇಂತಿ,
ಬೇಕು ಎನ್ನಲು ಬಂದು ಬೇಡ ಎಂದು ಸಹಿ ಹಾಕಿದ
ಹರಿಣಾಕ್ಷಿ, ಬೆಂಗ್ರೆ, ಮಂಗಳೂರು