ಹತ್ತುವುದಕ್ಕೊಂದು ಇಳಿಜಾರು

ಅಕ್ಕಾ,

ನೀನು ಕಣ್ಣು ಮುಚ್ಚಿದ ಮೇಲೆ ನಮ್ಮ ಬೀದಿಯ ಗ್ರಂಥಾಲಯದವರು ಕಣ್ಣು ತೆರೆದಿದ್ದಾರೆ. ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟಿಸುತ್ತಿದ್ದಾರೆ. ನೀನು ಗಾಲಿಕುರ್ಚಿಯಲ್ಲಿ ಬಾಗಿಲಾಚೆಯೇ ಕೂತಿರುತ್ತಿದ್ದೆ, ನಾನು ಒಳಗಿಂದ ಒಂದೊಂದೇ ಪುಸ್ತಕ ತಂದು ತೋರಿಸುತ್ತಿದ್ದೆ. ‘ಇದಲ್ಲ ಕಣೋ, ನಾನೇ ಹುಡುಕ್ಬೇಕು’ ಅಂತ ನೀನು ರೇಗುತ್ತಿದ್ದೆ.

ಇವತ್ತು ಹೋಗಿ ನೋಡಿದರೆ ಮೇಸ್ತ್ರಿ ಕಟ್ಟಿದ್ದು ಮಕ್ಕಳ ಜಾರುಬಂಡೆಯಷ್ಟು ಕಡಿದಾಗಿತ್ತು. ಕೇಳಿದ್ದಕ್ಕೆ, “ಇಳಿಜಾರು ಅಂದ್ರಲ್ಲ ಸಾರ್? ಇಳೀಬೇಕು, ಜಾರ್ಬೇಕು. ಎರಡೂ ಆಗತ್ತೆ” ಅಂದ.

“ಇಳಿಯೋಕೆ ಜಾರು ಸರಿ, ಹತ್ತಿಸೋರು ಯಾರು?” ಅಂದೆ. ಈ ಪ್ರಾಸ ಕೇಳಿದ್ದರೆ ನೀನು ಹಣೆ ಚಚ್ಚಿಕೊಳ್ಳುತ್ತಿದ್ದೆ. ಅವನು ನಗಲೂ ಇಲ್ಲ.

ಮನೆಯಿಂದ ನಿನ್ನ ಕುರ್ಚಿ ತಂದು ನಾನೇ ಕೂತೆ. ಅರ್ಧ ಹತ್ತುವಷ್ಟರಲ್ಲಿ ತೋಳು ಸೋತು ಹಿಂದಕ್ಕೆ ಜಾರಿದೆ. ಮೇಸ್ತ್ರಿ ಓಡಿ ಬಂದು ಹಿಡಿದ.

“ಹಿಂದಿಂದ ಒಬ್ರು ತಳ್ಳಿದ್ರೆ ಆಯ್ತಲ್ಲ ಸಾರ್?”

“ತಳ್ಳೋರನ್ನ ಕಾಯ್ಬಾರ್ದು ಅಂತಾನೇ ಮಾರಾಯ ಇದನ್ನ ಕಟ್ಸೋದು. ನೀನೇ ಕೂತು ನೋಡು.”

ಕೂತ. ಕಾಲು ಭಾಗವೂ ಹತ್ತಲಿಲ್ಲ. ಎದ್ದವನೇ ಗೊಣಗುತ್ತ, ಕಟ್ಟಿದ್ದನ್ನು ಒಡೆದು, ಇಳಿಜಾರನ್ನು ಬೀದಿಯವರೆಗೂ ಉದ್ದ ಮಾಡಲು ಅಳತೆಯ ದಾರ ಹಿಡಿದ. ಕುರ್ಚಿಯ ಸವೆದ ಕೈಗಳ ಮೇಲೆ ಅವನ ಕಣ್ಣು ಬಿತ್ತು.

“ಯಾರ್ದು ಸಾರ್ ಇದು?”

“ನಮ್ಮಕ್ಕಂದು.”

“ಅವ್ರು ಯಾವಾಗ ಬರ್ತಾರೆ?”

ದಾರದ ಇನ್ನೊಂದು ತುದಿ ನಾನು ಹಿಡಿದುಕೊಂಡೆ.

“ಮೊದ್ಲು ದಾರಿ ಆಗ್ಲಪ್ಪ” ಅಂದೆ.