ನಿಮ್ಮ ಕೈಯ ಗಿಟಾರ್

ಭಾವ,

ನಿಮ್ಮ ಭಾಮೈದ ರಾಜು ಬರೆಯುತ್ತಿದ್ದೇನೆ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆದು, ಅತ್ತ ನಿಮ್ಮ ಕ್ಷೇಮಕ್ಕೆ ಕಾಗದ ಹಾಕಿ ಎನ್ನುವಂತಿಲ್ಲ. ಆದರೂ ಒಂದು ಮಾತನ್ನು ನಿಮ್ಮನ್ನು ಬಿಟ್ಟು ಇನ್ನಾರನ್ನೂ ಕೇಳುವ ಹಾಗಿಲ್ಲ. ನನ್ನ ರೂಮಿನ ಮಂಚದ ಮೇಲೆ ಹೊಸ ಗಿಟಾರ್ ಒಂದು ಮಲಗಿದೆ. ನೀವು ಅಷ್ಟು ವರ್ಷ ಬಾಯಿಬಾಯಿ ಬಿಟ್ಟಿರಲ್ಲ, ಅದೇ ಎರಡು ಕೊಂಬಿನ ಮಾಡಲ್ಲು. ಆದರೆ ಎಡಗೈಯವರಿಗೆಂದು ಮಾಡಿದ್ದು. ನಾಳೆ ಅದನ್ನು ಬೆಂಗಳೂರಿಗೆ ಹೊತ್ತುಕೊಂಡು ಹೋದರೆ ಅಂಗಡಿಯವನು ಬಲಗೈಯದ್ದಕ್ಕೆ ಬದಲಾಯಿಸಿ ಕೊಡುತ್ತಾನೆ. ನಾಳೆ ತಪ್ಪಿದರೆ ಆಗುವುದಿಲ್ಲ ಎಂದಿದ್ದಾನೆ. ಹೋಗಲೋ, ಇಟ್ಟುಕೊಳ್ಳಲೋ? ಎಡಗೈಯ ಗಿಟಾರ್ ಬಲಗೈಯ ನನ್ನ ಮನೆಗೆ ಹೇಗೆ ಬಂತು ಎಂದು ನೀವು ನಗುತ್ತೀರಿ. ನಗಿ, ಹೇಳುತ್ತೇನೆ.

ನಾನು ತಾವರೆಕೆರೆ ಕಡೆಯಿಂದ ಟೈಪಿಂಗ್ ಕಲಿಯಲೆಂದು ಮಧುಗಿರಿಗೆ ಬಂದು ನಿಮ್ಮ ಮನೆಯಲ್ಲಿ ಇಳಿದ ಹೊಸತು. ರೇಡಿಯೋಗೆ ಇನ್ನೂ ಲೈಸೆನ್ಸ್ ಕಟ್ಟುತ್ತಿದ್ದ ಕಾಲ. ನಿಮ್ಮ ರೇಡಿಯೋ ರಿಪೇರಿ ಅಂಗಡಿಗೆ ನೀವೊಂದು ಹಳೆಯ ಗಿಟಾರ್ ತಂದಿರಿ, ಆ ದೊಡ್ಡ ಮಾಡಲ್ಲಿನ ನಕಲಿನ ನಕಲು. ಅವತ್ತೇ ಮಗಳನ್ನು ನೋಡಲು ಬಂದಿದ್ದ ನಮ್ಮಪ್ಪ ಕಂಬಳಿ ಹೆಗಲ ಮೇಲಿಂದ ಇಳಿಸದೆ ಅದನ್ನೇ ಸುತ್ತಿ ಸುತ್ತಿ ನೋಡಿ, "ಎಲ್ಡು ಕೊಂಬವೆ, ಇದೇನ್ ಟಗರೇನಪ್ಪ ಅಳಿಮಯ್ಯ?" ಎಂದರು. ನೀವು ತಲೆ ಎತ್ತದೆ, "ಟಗರೇ ಕಣ್ ಮಾವ. ಹುಲ್ಲು ತಿನ್ನಲ್ಲ, ಕರೆಂಟ್ ತಿಂತದೆ" ಎಂದಿರಿ. ಕುರಿ ಕಾಯುವ ಮನುಷ್ಯನಿಗೆ ಈ ಉತ್ತರ ಸರಿಹೋಯಿತು. ಆಮೇಲೆ ಬಂದಾಗಲೆಲ್ಲ "ಟಗರು ಹೆಂಗದೆ?" ಎಂದು ವಿಚಾರಿಸಿಕೊಳ್ಳುತ್ತಿದ್ದರು.

ಆ ಟಗರನ್ನು ನೀವು ಪಳಗಿಸಿದ ರೀತಿ ನೆನಪಾಗುತ್ತದೆ. ಅದು ಬಲಗೈಯವರದು, ನೀವೋ ಹುಟ್ಟಾ ಎಡಚ. ತಂತಿಗಳನ್ನೆಲ್ಲ ಬಿಚ್ಚಿ, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬರುವಂತೆ ಕಟ್ಟಿದಿರಿ. ಗಿಟಾರನ್ನೇ ಬುಡಮೇಲು ಮಾಡಿ ಎಡಗಡೆಗೆ ತೂಗುಹಾಕಿಕೊಂಡಿರಿ. ಅದಾದರೂ ಸುಮ್ಮನಿರಬೇಕಲ್ಲ? ಕೆಳಗಿರಬೇಕಾದ ವಾಲ್ಯೂಮ್ ಗುಂಡಿ ಮೇಲೆ ಬಂದು ನಿಮ್ಮ ಮೊಳಕೈಗೆ ಸಿಕ್ಕಿತು. ವೈರು ಪಕ್ಕೆಗೆ ಚುಚ್ಚಿತು. ಕೊನೆಯ ಎತ್ತರದ ಸ್ವರಗಳಿಗೆ ಬೆರಳು ಹೋಗಲೆಂದು ಮರ ಕೊರೆದಿರುತ್ತಾರಲ್ಲ, ಆ ಕೊರಕಲು ಬೇಡದ ಕಡೆಗೆ ಹೋಯಿತು. ಆರ್ಕೆಸ್ಟ್ರಾದಲ್ಲಿ ಹಾಡಿನ ಮಧ್ಯೆ ಕುಣಿಯುವ ಹುರುಪಿನಲ್ಲಿ ಮೊಳಕೈ ಗುಂಡಿಗೆ ತಾಗಿ ನಿಮ್ಮ ಗಿಟಾರ್ ಇದ್ದಕ್ಕಿದ್ದಂತೆ ಮೂಕವಾಗುತ್ತಿತ್ತು. ಆಗ ನೀವು ನನ್ನ ಕಡೆ ತಿರುಗುತ್ತಿದ್ದಿರಿ. "ತುಂಬ್ಸ್ಲಾ" ಎಂದು ತುಟಿ ಆಡಿಸಿದರೆ ಸಾಕು, ಪಕ್ಕದಲ್ಲಿ ತಾಳದ ಗಿಟಾರ್ ಬಾರಿಸುತ್ತಿದ್ದ ನಾನು ಜೋರು ಮಾಡಿ ಆ ಖಾಲಿಯನ್ನು ಮುಚ್ಚುತ್ತಿದ್ದೆ. ಜನಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ನೀವು ನನಗೆ ಕಲಿಸಿದ್ದು ಎದುರಿಗೆ ಕೂರಿಸಿಕೊಂಡು. ನಿಮ್ಮ ಎಡಗೈ ಬಾರಿಸಿದರೆ ನನ್ನ ಬಲಗೈ, ನಿಮ್ಮ ಬಲಗೈ ಒತ್ತಿದರೆ ನನ್ನ ಎಡಗೈ, ಕನ್ನಡಿ ನೋಡಿಕೊಂಡು ತಲೆ ಬಾಚಿದಷ್ಟು ಸುಲಭ. ನಿಮ್ಮ ಪುಣ್ಯ, ನನಗೆ ಒಂದು ಪಾಠವನ್ನೂ ತಿರುಗಿಸಿ ಯೋಚಿಸಬೇಕಾಗಲಿಲ್ಲ. ಅದರ ತೊಂದರೆ ಈಗ ಗೊತ್ತಾಗುತ್ತಿದೆ. ಹೊಸ ಹಾಡು ಕಲಿಯೋಣವೆಂದು ತುಮಕೂರಿನಲ್ಲಿ ಒಬ್ಬ ಗಿಟಾರ್ ಮೇಷ್ಟ್ರ ಮುಂದೆ ಕೂತರೆ, ಅವರದು ಬಲಗೈ, ನನ್ನದೂ ಬಲಗೈ. ನನ್ನ ಬೆರಳುಗಳು ಏನೂ ತಿಳಿಯದೆ ಒದ್ದಾಡಿದವು. ಎರಡೇ ಪಾಠಕ್ಕೆ ಬಿಟ್ಟುಬಂದೆ. ಎದುರಿಗೆ ನೀವಿಲ್ಲದೆ ಕಲಿಯುವುದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲವಲ್ಲ ಭಾವ...

ಅಂಗಡಿಯ ಗೋಡೆಗೆ ನೀವು ಅಂಟಿಸಿದ್ದ ಚಿತ್ರ ಇನ್ನೂ ಕಣ್ಣಮುಂದಿದೆ. ರದ್ದಿಯಲ್ಲಿ ಸಿಕ್ಕಿದ ಯಾವುದೋ ಪರದೇಶದ ಪತ್ರಿಕೆಯ ಹಾಳೆ. ಆ ಒಂದೇ ಮಾಡಲ್ಲಿನ ಮೂರು ನಮೂನೆ ಅದರಲ್ಲಿ ಸಾಲಾಗಿ ನಿಂತಿದ್ದವು. ಒಂದಕ್ಕೆ ಬಿಳಿ ಮರದ ಕತ್ತು, ಇನ್ನೊಂದಕ್ಕೆ ಕರಿ ಮರದ್ದು, ಮೂರನೆಯದಕ್ಕೆ ತಂತಿಗಳನ್ನೆಲ್ಲ ಒಟ್ಟಿಗೆ ಅಲುಗಾಡಿಸುವ ಹಿಡಿ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನಮ್ಮದು ಅದೇ ಜಗಳ. ನಾನು ಕರಿ ಕತ್ತು ಎಂದರೆ ನೀವು ಬಿಳಿ ಕತ್ತು. "ಬಿಳೇದು ಕಂಚಿನ ತಟ್ಟೆ ಬಡ್ದಂಗೆ ಅಂತದೆ, ಕರೇದು ಬಾಯಾಗೆ ಬೆಲ್ಲ ಇಟ್ಕೊಂಡು ಮಾತಾಡ್ದಂಗೆ" ಎನ್ನುತ್ತಿದ್ದಿರಿ. ಇಬ್ಬರೂ ಒಂದನ್ನೂ ಮುಟ್ಟಿ ನೋಡಿದವರಲ್ಲ. ಹೆಣ್ಣು ನೋಡಲು ಹೋಗುವ ಮೊದಲೇ ಮದುವೆಯ ಊಟದ ಲೆಕ್ಕ ಹಾಕುವವರು ನಾವು. ಕೊನೆಗೆ ನೀವೇ ಎದ್ದು, ಇಸ್ತ್ರಿಪೆಟ್ಟಿಗೆ ಬಿಚ್ಚುತ್ತಾ, "ಯಾವ್ದಾದ್ರೇನ್ ಬುಡ್ಲಾ, ಎಲ್ಲಾ ಬಲಗೈಯೋರ್ವೇ" ಎಂದು ಮಾತು ಮುಗಿಸುತ್ತಿದ್ದಿರಿ. ಆ ಮಾತನ್ನು ನೀವು ನಗುತ್ತಲೇ ಹೇಳುತ್ತಿದ್ದಿರಿ. ಒಳಗೆ ನೋಯುತ್ತಿತ್ತೇನೋ, ನಾನು ಕೇಳಲಿಲ್ಲ.

ಕೊರಟಗೆರೆ ಹತ್ತಿರದ ಒಂದು ಮದುವೆಮನೆ ನೆನಪಿದೆಯೇ? ಶಿರಾದ ಬಾಷಾ ಸಾಬರ ನಮ್ಮ ಆರ್ಕೆಸ್ಟ್ರಾ ಇನ್ನೂ ಶುರುವಾಗಿತ್ತಷ್ಟೆ, ಹೆಣ್ಣಿನ ತಾತ ಕೋಲೂರಿಕೊಂಡು ಬಂದು ಚಪ್ಪರದ ಮುಂದೆ ನಿಂತರು. "ಶುಭಕಾರ್ಯದಾಗೆ ಎಡಗೈನಾಗೆ ಬಾರಿಸ್ತಾನಲ್ಲಪ್ಪ ಇವ್ನು. ಎದ್ದೇಳ್ಸ್ರಿ" ಎಂದರು. ಬಾಷಾ ಸಾಬರು ಡ್ರಮ್ಮಿನ ಹಿಂದೆ ಬೆವೆತುಹೋದರು. ನೀವು ಎದ್ದು ಕೈಮುಗಿದು, "ತಾತ, ತಾಳಿ ಕಟ್ಟಿದ್ ಮ್ಯಾಲೆ ಹೆಂಡ್ರುನ್ನ ಯಾವ್ ಪಕ್ಕ ಕೂರಿಸ್ಕೊಂತಾರೆ?" ಎಂದಿರಿ. ತಾತ ತಮ್ಮ ಎಡಪಕ್ಕವನ್ನೊಮ್ಮೆ ನೋಡಿಕೊಂಡರು. ಆಮೇಲೆ ಬೊಚ್ಚುಬಾಯಿ ತುಂಬ ನಕ್ಕು, "ಬಾರ್ಸು ಬಾರ್ಸು" ಎಂದು ಮುಂದಿನ ಸಾಲಿನಲ್ಲೇ ಕೂತುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ವ್ಯಾನಿನಲ್ಲಿ ನೀವು ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಿರಿ.

ಕಾಮಾಲೆ ಅಂತ ಮಲಗಿದವರು ನೀವು ಏಳಲಿಲ್ಲ. ಸೊಪ್ಪಿನ ಔಷಧಿ, ಆಮೇಲೆ ತುಮಕೂರಿನ ಆಸ್ಪತ್ರೆ, ಆಮೇಲೆ... ಅದನ್ನು ಬರೆಯುವುದಿಲ್ಲ, ನಿಮಗೆ ಗೊತ್ತಿರುವುದೇ. ನಿಮಗೆ ಗೊತ್ತಿಲ್ಲದ್ದು ಆಮೇಲಿನದು. ಅಂಗಡಿಯ ಬಾಗಿಲು ಹಾಕಿದೆ. ಊರಿಗೆ ಟಿ.ವಿ. ಬಂದಿದೆ, ಬೆಟ್ಟದ ಬುಡದ ಮನೆಗಳ ಮೇಲೆಲ್ಲ ಕಡ್ಡಿ ನೆಟ್ಟಿದ್ದಾರೆ. ನೀವಿದ್ದಿದ್ದರೆ ಕೈತುಂಬ ಕೆಲಸ. ನಾನು ಹಗಲೆಲ್ಲ ಕೋರ್ಟಿನ ಎದುರು ಕೂತು ಯಾರು ಯಾರದೋ ಅರ್ಜಿ ಟೈಪು ಮಾಡುತ್ತೇನೆ. ಸಂಜೆ ರೂಮಿಗೆ ಬಂದರೆ ಮಾತಿಲ್ಲ ಕತೆಯಿಲ್ಲ. ಒಂಟಿತನ ಅಂದರೆ ಇದೇ ಇರಬೇಕು ಭಾವ, ಬಾರಿಸಿದ್ದನ್ನು ಸರಿಯಿದೆ ಅನ್ನುವವರೂ ಇಲ್ಲ, ತಪ್ಪು ಅನ್ನುವವರೂ ಇಲ್ಲ.

ಹೋದ ತಿಂಗಳು ಬಾಷಾ ಸಾಬರು ಬಂದು, "ದೇಖೋ ರಾಜು, ಇನ್ ಮ್ಯಾಲೆ ನಿಮ್ ಭಾವುನ್ ಜಾಗದಾಗೆ ನೀನೇ ನಿಂತ್ಕೋಬೇಕು. ಹೋಗಿ ಒಳ್ಳೇ ಗಿಟಾರ್ ತಗಂಡ್ ಬಾ" ಎಂದರು. ಬೆಂಗಳೂರಿನ ಅಂಗಡಿಯಲ್ಲಿ ನಮ್ಮ ಚಿತ್ರದ ಮೂರೂ ಗೋಡೆಗೆ ನೇತಾಡುತ್ತಿದ್ದವು. ಬಿಳಿ ಕತ್ತಿನದನ್ನು ಬಾರಿಸಿ ನೋಡಿದೆ. ನೀವು ಹೇಳಿದ್ದು ನಿಜ, ಕಂಚಿನ ತಟ್ಟೆಯೇ. ಕರಿಯದನ್ನೂ ನೋಡಿದೆ. ಅದೇ ತೆಗೆದುಕೊಳ್ಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಮೂಲೆಯಲ್ಲಿ ಇನ್ನೊಂದು ಕಂಡಿತು. ಬಿಳಿ ಕತ್ತೇ. ಆದರೆ ಕೊಂಬು, ಗುಂಡಿ, ಎಲ್ಲ ಉಲ್ಟಾ. "ಅದು ಲೆಫ್ಟ್ ಹ್ಯಾಂಡ್ ಸರ್. ಯಾರೋ ಹೇಳಿ ತರಿಸಿ ಬರಲೇ ಇಲ್ಲ" ಎಂದ ಅಂಗಡಿಯವನು. ಎಡಗೈಯವರಿಗೇ ಬೇರೆ ಮಾಡುತ್ತಾರಾ ಎಂದು ಕೇಳಿದೆ. "ಮಾಡ್ತಾರಲ್ಲ ಸರ್, ಮೊದಲಿಂದ ಮಾಡ್ತಾರೆ. ನಮ್ಮ ಕಡೆಗೆ ಬರಲ್ಲ ಅಷ್ಟೇ." ಭಾವ, ಮೊದಲಿಂದ ಮಾಡುತ್ತಾರಂತೆ. ನೀವು ಆ ನಕಲನ್ನು ಬುಡಮೇಲು ಮಾಡಿಕೊಂಡು ಪಕ್ಕೆಗೆ ಚುಚ್ಚಿಸಿಕೊಳ್ಳುತ್ತಿದ್ದ ದಿನಗಳಲ್ಲೂ ಎಲ್ಲೋ ಒಂದು ಕಡೆ ಯಾರೋ ನಿಮ್ಮ ಕೈಗೆಂದೇ ಕುಳಿತು ಮಾಡುತ್ತಿದ್ದರಂತೆ. ನನ್ನ ಬುದ್ಧಿ ಅಲ್ಲಿಗೇ ನಿಂತಿತು. ಅದನ್ನೇ ಕೊಡಿ ಎಂದೆ. ಅವನು ನನ್ನ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, ಬಲಗೈಗೆ ತಕ್ಕಂತೆ ತಂತಿ ತಿರುಗಿಸಿ ಕಟ್ಟಿಕೊಟ್ಟ. ಬೇಡವಾದರೆ ತಂದು ಬದಲಾಯಿಸಿಕೊಳ್ಳಿ ಎಂದು ಗಡುವನ್ನೂ ಹೇಳಿದ. ಅಂಗಡಿಯವರು ಮೂರ್ಖರನ್ನು ಬೇಗ ಗುರುತಿಸುತ್ತಾರೆ.

ಪಾವಗಡದ ಗಣಪತಿ ಪೆಂಡಾಲಿನಲ್ಲಿ ಅದನ್ನು ಹಾಕಿಕೊಂಡು ನಿಂತೆ. ಬಲಗೈಯ ನಾನು, ಎಡಗೈಯ ಗಿಟಾರ್. ಈಗ ಗುಂಡಿ ನನ್ನ ಮೊಳಕೈ ಕೆಳಗೆ. ವೈರು ನನ್ನ ಪಕ್ಕೆಗೆ. ಮೇಲಿನ ಸ್ವರಕ್ಕೆ ನನ್ನ ಬೆರಳು ಹೋಗದು. ಎರಡನೆಯ ಹಾಡಿನಲ್ಲೇ ಮೊಳಕೈ ತಾಗಿತು, ಗಿಟಾರ್ ಸತ್ತಿತು. ನಾನು ಪಕ್ಕಕ್ಕೆ ತಿರುಗಿದೆ. ನನ್ನ ತುಟಿ ತಾನಾಗಿ ಆಡಿತು. ಪಕ್ಕದಲ್ಲಿ ಮೈಕಿನ ಕಂಬ ಇತ್ತು, ಅಷ್ಟೇ. ಡ್ರಮ್ಮು ಒಂದೇ ಬಡಿದುಕೊಳ್ಳುತ್ತಿತ್ತು. ಕಮಿಟಿಯವರೊಬ್ಬರು, "ಏಮಯ್ಯಾ, ಕರೆಂಟು ಪೋಯಿಂದಾ?" ಎಂದು ಕೂಗಿದರು. ಕರೆಂಟು ಇತ್ತು ಭಾವ. ಗುಂಡಿ ತಿರುಗಿಸಿ ಮತ್ತೆ ಶುರುಮಾಡುವಷ್ಟರಲ್ಲಿ ಹಾಡು ಮುಗಿದಿತ್ತು. ನೀವು ಅಷ್ಟು ವರ್ಷ ಪಟ್ಟ ಪಾಡನ್ನು ನಾನು ಒಂದು ಸಂಜೆಯೂ ತಾಳಲಾರದೆ ಹೋದೆ.

ನಿನ್ನೆ ಅಕ್ಕ ರೂಮಿಗೆ ಬಂದಿದ್ದಳು. ಬಾಷಾ ಸಾಬರು ಎಲ್ಲ ಹೇಳಿರಬೇಕು. "ಅವ್ರ ಕೈಗಾಗೋ ಗಿಟಾರ್ ಇರ್ಲಿಲ್ಲ, ಅದ್ಕೆ ಅಂಗೆ ಪಾಡು ಬಿದ್ರು. ನಿಂಗೆ ಐತೆ. ಇದ್ದೂ ಯಾಕ್ಲಾ ಒದ್ದಾಡ್ತೀಯ?" ಎಂದಳು. ಇದನ್ನು ಕೊಟ್ಟುಬಿಟ್ಟರೆ ನಿಮ್ಮನ್ನು ಇನ್ನೊಂದು ಸಲ ಕಳಿಸಿದ ಹಾಗಾಗುತ್ತದೆ ಅಂತ ಅಕ್ಕನ ಮುಂದೆ ಹೇಗೆ ಹೇಳಲಿ? ಅವಳು ಗಿಟಾರನ್ನು ಸೆರಗಿನಿಂದ ಒರೆಸಿ, "ಒಂದ್ಸಲ ಅವ್ರಂಗೆ ಹಾಕ್ಕಂಡು ನಿಂತ್ಕಾ, ನೋಡ್ತೀನಿ" ಎಂದಳು. ಬೆಲ್ಟನ್ನು ಬಲಭುಜಕ್ಕೆ ಹಾಕಿ, ನಿಮ್ಮ ಹಾಗೆ ಎಡಗೈಯನ್ನು ತಂತಿಯ ಮೇಲಿಟ್ಟು ನಿಂತೆ. ಬಾರಿಸಲು ಬರುವುದಿಲ್ಲ, ಸುಮ್ಮನೆ ನಿಂತೆ. ಗುಂಡಿ ಎಲ್ಲಿಗೂ ತಾಗಲಿಲ್ಲ. ವೈರು ತನ್ನ ಪಾಡಿಗೆ ಕೆಳಗೆ ಇಳಿದಿತ್ತು. ಅಕ್ಕ ತುಂಬ ಹೊತ್ತು ನೋಡಿದಳು. ಆಮೇಲೆ, "ಎಲ್ರೂ ಅವ್ರ ಕೈನೇ ಸೊಟ್ಟ ಅಂದ್ರು ಕಣ್ಲಾ ರಾಜ. ಸೊಟ್ಟ ಇದ್ದಿದ್ದು ಆ ಹಳೇ ಗಿಟಾರು" ಎಂದಳು. ಅವಳು ಅತ್ತಳು. ನಾನೂ ಅತ್ತೆ, ನಿಮ್ಮ ಗಿಟಾರ್ ಕೊರಳಲ್ಲಿಯೇ ಇತ್ತು.

ಆದ್ದರಿಂದ ಭಾವ, ನಿಮ್ಮನ್ನು ಕೇಳುತ್ತೇನೆಂದು ಕೂತವನು ಬರೆಯುತ್ತಾ ಬರೆಯುತ್ತಾ ನಾನೇ ತೀರ್ಮಾನಕ್ಕೆ ಬಂದಿದ್ದೇನೆ. ನಾಳೆ ಮೊದಲ ಬಸ್ಸಿಗೆ ಹೋಗುತ್ತೇನೆ. ಕರಿ ಕತ್ತಿನದನ್ನು ತರುತ್ತೇನೆ, ನನ್ನ ಕೈಯದನ್ನು. ಯಾಕೆ ಸರ್ ವಾಪಸ್ ಎಂದು ಅಂಗಡಿಯವನು ಕೇಳಿದರೆ, ಇದು ನಮ್ಮ ಭಾವನವರದು, ಅವರು ಊರಲ್ಲಿಲ್ಲ ಎಂದು ಹೇಳುತ್ತೇನೆ.

ನಿಮ್ಮ
ರಾಜು